ಬಾವಿಯ ಎಪಿಸೋಡ್ ಯಾವಾಗ?

ಶುಕ್ರವಾರ ರಾತ್ರಿ ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ನಾವೆಲ್ಲ ಡಿಟೆಕ್ಟಿವ್‌ಗಳು. ಅಮೆರಿಕದ ‘ಕೋಲ್ಡ್ ಕೇಸ್’ ಆಯ್ತು, ಬ್ರಿಟನ್ನಿನ ‘ಅನ್‌ಫರ್ಗಾಟನ್’ ಆಯ್ತು, ಕೊರಿಯಾದ ‘ಸಿಗ್ನಲ್’ ಅಂತೂ ಸಬ್‌ಟೈಟಲ್ ಓದ್ಕೊಂಡೇ ಬೆಳಗಿನ ಜಾವದವರೆಗೆ. ಕಥೆ ನಮಗೆ ಬಾಯಿಪಾಠ. ಎಲ್ಲೋ ನೆಲ ಅಗೆದಾಗ ಎಲುಬು ಸಿಗುತ್ತೆ, ದೂಳು ಹಿಡಿದ ಪೆಟ್ಟಿಗೆ ಕೆಳಗಿಳಿಯುತ್ತೆ, ರಿಟೈರ್ ಆದ ಪೊಲೀಸಪ್ಪ ‘ಅದನ್ನೆಲ್ಲ ಈಗ ಯಾಕೆ ಕೆದಕ್ತೀರಿ’ ಅಂತಾನೆ. ನಮ್ಮದೇ ‘ಕವಲುದಾರಿ’ಯಲ್ಲಿ ನಲವತ್ತು ವರ್ಷ ಹಳೆಯ ಕೊಲೆಯ ಹಿಂದೆ ಬೀಳುವವನು ಟ್ರಾಫಿಕ್ ಪೊಲೀಸ್. ಅದು ಅವನ ಕೆಲಸವೇ ಅಲ್ಲ. ಆದ್ರೂ ಅವನಿಗೆ ಯಾರಾದ್ರೂ ‘ಸುಮ್ನಿರು’ ಅಂದ್ರೆ ಸೋಫಾದಲ್ಲಿ ಕೂತ ನಾವು ಹಲ್ಲು ಕಡೀತೀವಿ.

ನಾನು ಔರಾದ ತಾಲ್ಲೂಕಿನವನು. ನಮ್ಮೂರಲ್ಲಿ ಯಾರೂ ನೀರು ಸೇದದ ಒಂದು ಬಾವಿ ಇತ್ತು. ಯಾಕೆ ಅಂತ ಕೇಳಿದ್ರೆ ಆಯಿ, “ಪೊಲೀಸ್ ಆಕ್ಷನ್ದಾಗ ಕೆಟ್ಟದಪಾ ಅದು. ಆ ಕಡಿ ಹೋಗಬ್ಯಾಡ” ಅಂತಿದ್ದಳು. ಮುಂದೆ ಬೀದರಿನಲ್ಲಿ ಪಿಯುಸಿ ಓದುವಾಗ ಭಾಲ್ಕಿಯ ರೂಮ್‌ಮೇಟ್ ಸಿಕ್ಕ. ಅವನ ಮನೆಯಲ್ಲೂ ಇಂಥದೇ ಅರ್ಧ ವಾಕ್ಯ, ಆದರೆ ಅದು ರಜಾಕಾರರ ಬಗ್ಗೆ.

1948ರ ಮೇನಲ್ಲಿ ಬಸವಕಲ್ಯಾಣ ಭಾಗದ ಗೋರ್ಟಾದಲ್ಲಿ ರಜಾಕಾರರು ಊರಿಗೆ ಊರನ್ನೇ ಸುತ್ತುವರಿದು ಜನರನ್ನು ಕೊಂದರು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮ ಶರಣಾದ. ಆಮೇಲೆ ಸಾವು ದಿಕ್ಕು ಬದಲಿಸಿ ಮುಸ್ಲಿಮರ ಮನೆಗಳಿಗೆ ಬಂತು. ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮುಂತಾದವರ ಸಮಿತಿ ಅದೇ ನವೆಂಬರ್–ಡಿಸೆಂಬರ್‌ನಲ್ಲಿ ಸಂಸ್ಥಾನ ಸುತ್ತಿತು. ತಾವು ಹೋಗಲಾಗದ 109 ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ಕೂರಿಸಿ ಕೇಳಿತು. ಇಡೀ ಸಂಸ್ಥಾನದಲ್ಲಿ ಸತ್ತವರು ಕನಿಷ್ಠ 27,000ದಿಂದ 40,000. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ಕೆಲವೆಡೆ ಸೈನಿಕರು, ಪೊಲೀಸರೂ ಕೈಜೋಡಿಸಿದ್ದರು ಅಂತಲೂ ಬರೆಯಿತು. ವರದಿ ಪೆಟ್ಟಿಗೆ ಸೇರಿತು. ದೆಹಲಿಯಲ್ಲಿ ಜನ ಅದನ್ನು ನೋಡುವಂತಾಗಿದ್ದು 2013ರ ಹೊತ್ತಿಗೆ. ಅಷ್ಟರಲ್ಲಿ, 1956ರಲ್ಲೇ, ಹಳೇ ಬೀದರ್ ಜಿಲ್ಲೆ ಮೂರು ರಾಜ್ಯಕ್ಕೆ ಹಂಚಿಹೋಗಿತ್ತು. ಉದಗೀರ್, ನಿಲಂಗಾ ಒಂದು ಕಡೆ, ಜಹೀರಾಬಾದ್ ಇನ್ನೊಂದು ಕಡೆ, ಭಾಲ್ಕಿ–ಔರಾದ ನಮ್ಮ ಪಾಲಿಗೆ. ‘ನಮ್ಮ ಸ್ಟೇಷನ್ ಲಿಮಿಟ್ ಅಲ್ಲ’ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ನೆಪ ಯಾವ ಸ್ಕ್ರಿಪ್ಟ್ ರೈಟರ್‌ಗೂ ಹೊಳೆಯಲ್ಲ.

ಹೇಳಿ, ಇದರ ಮೇಲೆ ಕನ್ನಡದಲ್ಲಿ ಒಂದಾದ್ರೂ ಸೀರಿಯಲ್ ನೋಡಿದ್ದೀರಾ? ನಾನಂತೂ ನೋಡಿಲ್ಲ. ಟೀವಿಯವರಿಗೆ ನಮ್ಮ ಭಾಗದ ಮಾತು ಬೇಕಾಗೋದು ಕಾಮಿಡಿಗೆ.

‘ಹಳೇ ಗಾಯ ಕೆರೆದ್ರೆ ಗಲಾಟೆ ಆಗುತ್ತೆ’ ಅಂತಾರೆ ಗೆಳೆಯರು. ಸ್ವಾಮಿ, ಪ್ರತಿ ಸೆಪ್ಟೆಂಬರ್‌ನಲ್ಲಿ ವಾಟ್ಸಾಪ್‌ನಲ್ಲಿ ಕೆರೀತಾನೇ ಇದ್ದಾರಲ್ಲ! ಫೈಲನ್ನು ತೆರೆಯೋದು ಮಾತ್ರ ಅರ್ಧ. 2023ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವರು ಬಂದು ಗೋರ್ಟಾದ ಸ್ಮಾರಕ ಉದ್ಘಾಟಿಸಿದರು. ಆಗಬೇಕಾದ್ದೇ, ತಡವಾಗಿಯಾದ್ರೂ ಆಯ್ತು. ಮರುವರ್ಷ ತೆಲುಗಿನಲ್ಲಿ ‘ರಜಾಕಾರ್’ ಸಿನಿಮಾನೂ ಬಂತು. ನಮ್ಮೂರ ಬಾವಿಗೆ ಒಂದು ಕಲ್ಲೂ ಇಲ್ಲ. ಇತ್ತ ಸೆಮಿನಾರುಗಳಲ್ಲಿ ಸುಂದರಲಾಲ್ ವರದಿ ಉಲ್ಲೇಖಿಸುವ ನನ್ನ ಪ್ರಗತಿಪರ ಮಿತ್ರರಿಗೆ ಗೋರ್ಟಾ ಹೆಸರೆತ್ತಿದ್ರೆ ಗಂಟಲು ಕಟ್ಟುತ್ತೆ. ಹೆಣದ ಜಾತಿ ಕೇಳಿ ಕೇಸ್ ತೆಗೆದುಕೊಳ್ಳುವ ಡಿಟೆಕ್ಟಿವ್‌ನನ್ನ ನೀವು ಎಷ್ಟು ಎಪಿಸೋಡ್ ನೋಡ್ತೀರಿ?

ಆರೋಪಿಗಳು ಈಗ ಉಳಿದಿರಲಿಕ್ಕಿಲ್ಲ, ಶಿಕ್ಷೆಯ ಮಾತು ಬಿಡಿ. ಆದರೆ ಯಾರು ಸತ್ತರು, ಎಲ್ಲಿ, ಯಾವ ಮನೆಯವರು ಅನ್ನೋದನ್ನ ಊರೂರಿಗೆ ಹೋಗಿ ಬರೆದುಕೊಳ್ಳಬಹುದು. ಅಂದು ಹತ್ತು ವರ್ಷದವರಾಗಿದ್ದವರಿಗೆ ಇಂದು ಎಂಬತ್ತೈದು ದಾಟಿದೆ. ಭಾಲ್ಕಿಯಲ್ಲೋ ಬೀದರಿನ ಹಳೇ ಓಣಿಯಲ್ಲೋ ಅಂಥವರು ಕಟ್ಟೆ ಮೇಲೆ ಕೂತಿರ್ತಾರೆ, ಕೇಳಿದ್ರೆ ಹೇಳ್ತಾರೆ. ಬಜೆಟ್ ಬೇಡ, ಕ್ರೂ ಬೇಡ, ಜೇಬಿನ ಫೋನ್ ಸಾಕು.

ನನ್ನ ಜೇಬಲ್ಲೂ ಫೋನ್ ಇತ್ತು. ಆಯಿಯ ಕೊನೆಯ ದೀಪಾವಳಿಯಂದು ಅವಳ ಪಕ್ಕದಲ್ಲೇ ಕೂತು, ಇಯರ್‌ಫೋನ್ ಹಾಕ್ಕೊಂಡು, ಯಾವುದೋ ದೇಶದ ಯಾವುದೋ ಹಳೇ ಕೊಲೆಯ ಆರನೇ ಎಪಿಸೋಡ್ ನೋಡ್ತಿದ್ದೆ.