ಹುಡುಗರ ಟರ್ಬೋ, ಅಪ್ಪನ ಆರ್.ಸಿ.

ತಯಾರಿಕೆ 2022ರಲ್ಲೇ ನಿಂತರೂ ಸೆಕೆಂಡ್ ಹ್ಯಾಂಡ್ ಪೋಲೋ ಜಿ.ಟಿ. ಟಿ.ಎಸ್.ಐ. ಮೇಲೆ ಕಾಲೇಜು ಹುಡುಗರ ಮೋಹ ಇಳಿದಿಲ್ಲ. ಕಾರು ಮನೆಗೆ ಬಂದ ಮರುವಾರವೇ ‘ರೀಮ್ಯಾಪ್’ ಬೇಡಿಕೆ. ಇದು ಹೊಸ ಬಿಡಿಭಾಗವಲ್ಲ. ಎಂಜಿನ್ನನ್ನು ಆಳುವ ಪುಟ್ಟ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದುವ ಕೆಲಸ.

2013ರಲ್ಲಿ ಬಂದ 1.2 ಲೀಟರ್ ಎಂಜಿನ್ನಿನದು 105 ಪಿ.ಎಸ್. ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್. ಹೊರಹೋಗುವ ಬಿಸಿ ಹೊಗೆಯೇ ಟರ್ಬೋ ಚಕ್ರ ತಿರುಗಿಸಿ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತದೆ. ಒತ್ತಡ ಏರಿಸಿದರೆ ಶಕ್ತಿ ಏರುವುದು ನಿಜ. ಶಾಖವೂ ಏರುತ್ತದೆ. ಗಾಳಿ ಕಾದಾಗ ಎಂಜಿನ್ ‘ನಾಕ್’ ಹೊಡೆಯದಿರಲೆಂದು ಕಂಪ್ಯೂಟರ್ ಕಿಡಿಯನ್ನು ತಡಮಾಡಿ ಶಕ್ತಿಯನ್ನು ತಾನೇ ಇಳಿಸುತ್ತದೆ. ದುಡ್ಡು ಕೊಟ್ಟು ಪಡೆದ ಶಕ್ತಿ ಏಪ್ರಿಲಿನ ರಾಯಚೂರಿನಲ್ಲಿ ಪೂರ್ತಿ ಸಿಗಲಾರದು! ಏಳು ಗೇರಿನ ಡಿ.ಎಸ್.ಜಿ. ಪೆಟ್ಟಿಗೆಯ ಮಿತಿಯೂ 250 ನ್ಯೂಟನ್ ಮೀಟರ್. ಆ ಅಂಚಿನವರೆಗೆ ಹೋಗುವುದು ಜಾಣತನವಲ್ಲ.

ನನ್ನನ್ನು ಕೇಳಿದರೆ ಮೊದಲ ಖರ್ಚು ಒಳ್ಳೆಯ ಟೈರು, ಬ್ರೇಕ್ ಪ್ಯಾಡುಗಳಿಗೆ. ಆಮೇಲೆ ಹೊಸ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಕೈಪಿಡಿ ಹೇಳಿದ ದರ್ಜೆಯದೇ ಆಯಿಲ್. ಹಳೆಯ ಕಾರಿನ ಕಳೆದುಹೋದ ಚುರುಕು ಎಷ್ಟೋ ಸಲ ಇಷ್ಟರಲ್ಲೇ ಮರಳುತ್ತದೆ.

ಅಬ್ಬರದ ಸೈಲೆನ್ಸರ್ ಮಾತ್ರ ಬೇಡವೇ ಬೇಡ. ಅದು ಕರೆತರುವುದು ವೇಗವನ್ನಲ್ಲ, ಪೊಲೀಸರನ್ನು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ವಾಹನ ಬದಲಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ರೀಮ್ಯಾಪನ್ನು ವಿಮಾ ಕಂಪೆನಿಗೆ ತಿಳಿಸದಿದ್ದರೆ ಅಪಘಾತದ ನಂತರ ಪರಿಹಾರಕ್ಕೆ ತಕರಾರು ಬರಬಹುದು. ಶಿಕ್ಷೆ ಮಾಲೀಕರಿಗೆ, ಆರ್.ಸಿ.ಯಲ್ಲಿರುವುದು ಬಹುಪಾಲು ಅಪ್ಪನ ಹೆಸರು.