ಕುಂಟೆತ್ತಿಗೆ ಜೋಳ ಬೇಡುವ ಮಕ್ಕಳು

ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಹಾಕೂಟದ ಗುಡ್ಡಗಳ ಸುತ್ತಲ ಹಳ್ಳಿಗಳಲ್ಲೂ, ಅತ್ತ ಹುನಗುಂದ–ಇಳಕಲ್ ಸೀಮೆಯಲ್ಲೂ ಅಂದು ಎರೆಮಣ್ಣಿನ ಎತ್ತುಗಳಿಗೆ ಪೂಜೆ. ದೊಡ್ಡವರ ಹಬ್ಬ ಅಲ್ಲಿಗೆ ಮುಗಿಯಿತು, ಮಕ್ಕಳದು ಮರುದಿನ. ಕಾಲು ಊನವಾದ ಮಣ್ಣೆತ್ತೊಂದನ್ನು ಹಿಡಿದು, ಕುಂಟೆತ್ತು ಬಂದಿದೆ, ಜೋಳ ನೀಡ್ರಿ ಎಂದು ಓಣಿ ಸುತ್ತುತ್ತಾರೆ. ಕೂಡಿದ ಕಾಳನ್ನು ಮಾರಿಯೋ ಬೇಯಿಸಿಯೋ ಎಲ್ಲರೂ ಒಟ್ಟಿಗೆ ತಿನ್ನುತ್ತಾರೆ.

ಎತ್ತು ಯಾರ ಕೈಯಲ್ಲಿರಬೇಕು? ಮೊದಲ ಜಗಳ ಇಲ್ಲೇ. ‘ಮುಂದಕ್ಕ ಹೋಗ್ರಿ’ ಎಂದ ಮನೆಯೆದುರು ಮುಖ ಸಣ್ಣ ಮಾಡಿಕೊಳ್ಳದೆ ಪಕ್ಕದ ಬಾಗಿಲಿಗೆ ಹೋಗಬೇಕು, ಹಿಂದೆ ಬಿದ್ದ ಚಿಕ್ಕವನಿಗಾಗಿ ನಿಲ್ಲಬೇಕು, ಹಂಚುವಾಗ ಅವನಿಗೂ ಸಮಪಾಲು ಕೊಡಬೇಕು. ಹೇಳಿಕೊಡುವವರು ಯಾರೂ ಇಲ್ಲ, ಹಿರಿಯ ಮಕ್ಕಳ ಗದರಿಕೆಯೊಂದನ್ನು ಬಿಟ್ಟರೆ.

2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಬೇಕೆನ್ನುವುದೂ ಇದೇ: ತನ್ನ ಸಿಟ್ಟು ತನಗೆ ತಿಳಿಯಬೇಕು, ಇನ್ನೊಬ್ಬರ ಸಂಕಟ ಕಾಣಬೇಕು. ಆಟದ ಮೂಲಕವೇ ಆಗಲಿ ಎಂದೂ ಅದು ಹೇಳುತ್ತದೆ. ಮಾತು ಸರಿ. ಆದರೆ ಕಡತದಿಂದ ಕೋಣೆಗೆ ಇಳಿಯುವಷ್ಟರಲ್ಲಿ ಅದು ನಗುಮುಖ–ಅಳುಮುಖಗಳ ಚಾರ್ಟಾಗಿ ಗೋಡೆಗೆ ಅಂಟಿ ಕೂರುವ ಭಯವಿದೆ.

ಅಮೆರಿಕದ ಇಪ್ಸಿಲಾಂಟಿ ಪಟ್ಟಣದಲ್ಲಿ 1962ರಿಂದ 1967ರವರೆಗೆ ನಡೆದ ಪೆರ್ರಿ ಶಿಶುವಿಹಾರದ ಪ್ರಯೋಗ ಇಲ್ಲಿ ನೆನಪಾಗಬೇಕು. ಬಡ ಕರಿಯ ಕುಟುಂಬಗಳ 123 ಮಕ್ಕಳಲ್ಲಿ 58 ಮಕ್ಕಳನ್ನು ಸೇರಿಸಿಕೊಂಡರು. ಏನು ಆಡುವುದೆಂದು ಮಕ್ಕಳೇ ಗೊತ್ತುಮಾಡಿ, ಆಡಿ, ಆಮೇಲೆ ಆಡಿದ್ದರ ಬಗ್ಗೆ ಕೂಡಿ ಮಾತಾಡುತ್ತಿದ್ದರು. ಶಿಕ್ಷಕಿ ವಾರಕ್ಕೊಮ್ಮೆ ಮನೆಗೇ ಬರುತ್ತಿದ್ದಳು. ಬುದ್ಧಿಮತ್ತೆಯ ಅಂಕದಲ್ಲಿ ಸಿಕ್ಕ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ 40ನೆಯ ವಯಸ್ಸಿಗೆ ಬರುವಾಗ ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಬಂಧನಕ್ಕೊಳಗಾದವರು ಈ ಗುಂಪಿನಲ್ಲಿ ಶೇ. 36, ಹೊರಗುಳಿದವರಲ್ಲಿ ಶೇ. 55. ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಇದರ ದೊಡ್ಡ ಪಾಲು ಶ್ರೇಯವನ್ನು ಕೊಟ್ಟದ್ದು ತಿದ್ದಿದ ನಡವಳಿಕೆಗೆ. ಅಲ್ಲಿ ಒಬ್ಬ ಶಿಕ್ಷಕಿಗೆ ಇದ್ದದ್ದು ಐದಾರು ಮಕ್ಕಳು ಎಂಬುದನ್ನು ಮಾತ್ರ ನಮ್ಮ ಭಾಷಣಗಳು ಬಿಟ್ಟುಬಿಡುತ್ತವೆ.

ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ಶುರುವಾದ ಯೋಜನೆಯ ಅಂಗನವಾಡಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಹಾಲು, ಮೊಟ್ಟೆ, ತೂಕ, ಗರ್ಭಿಣಿ–ಬಾಣಂತಿಯರ ಪಟ್ಟಿ, 2021ರಿಂದ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್. ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸವೂ ಅವಳ ತಲೆಗೇ. ಇಷ್ಟೆಲ್ಲ ಮುಗಿದು ಹೊತ್ತು ಉಳಿದರೆ ಮಕ್ಕಳ ಆಟ.

ಕುಂಟೆತ್ತಿನ ಈ ಸೀಮೆಯಿಂದ ಗೋವಾ, ಮಂಗಳೂರಿನ ಕಡೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಬಹಳ. ಅಜ್ಜಿಯ ಬಳಿ ಉಳಿದ ಮಗು ಅವ್ವ ಬಸ್ಸು ಹತ್ತಿದ ಮರುದಿನ ಅಂಗನವಾಡಿಯಲ್ಲಿ ಪಕ್ಕದವನನ್ನು ಕಚ್ಚಿದರೆ, ‘ಸಾರಿ ಹೇಳು’ ಎನ್ನುವುದು ಅರೆಗಳಿಗೆಯ ಕೆಲಸ. ಅದನ್ನು ಹತ್ತಿರ ಕೂರಿಸಿಕೊಂಡು ಅವ್ವನ ಸುದ್ದಿ ತೆಗೆಯಲು ಅಕ್ಕೋರಿಗೆ ಕಾಲು ತಾಸಾದರೂ ಬೇಕು. ಇನ್ನೊಂದು ತರಬೇತಿ ಆ ಕಾಲು ತಾಸನ್ನು ಹುಟ್ಟಿಸುವುದಿಲ್ಲ. ಬೆಳಗಿನ ಎರಡು ತಾಸು ರಿಜಿಸ್ಟರು, ಮೊಬೈಲು ಮುಟ್ಟಬೇಡಿ ಎಂದೊಂದು ಸುತ್ತೋಲೆ ಹೊರಡಿಸಲು ಅನುದಾನವೇನೂ ಬೇಡ. ಮತದಾರರ ಪಟ್ಟಿಯನ್ನು ಬೇರೆಯವರಿಗೆ ವಹಿಸಲು ಮಾತ್ರ ಎರಡು ಇಲಾಖೆಗಳು ಎದುರಾಬದುರು ಕೂತು ಮಾತಾಡಬೇಕಾದೀತು.