ರಾಣಿಯ ಕಥೆ ಬರೆದವರು ಯಾರು?

ಪದವಿ ಮುಗಿಸಿದ ಮಗಳು ಮಹಿಳಾ ಅಧ್ಯಯನದಲ್ಲಿ ಎಂ.ಎ. ಮಾಡುವೆನೆಂದಾಗ ಯಾದಗಿರಿ, ಶಹಾಪುರ, ಸುರಪುರಗಳ ತಾಯ್ತಂದೆಗಳಿಗೆ ಸಂದೇಹ ಮೂಡುವುದು ಸಹಜ. “ಹೆಣ್ಣಾಗಿ ಹುಟ್ಟಿದಾಕಿ ಹೆಣ್ಣಿನ ಬಗ್ಗೆ ಓದೋದೇನೈತವ್ವ?” ಎಂದು ಅವರು ಕೇಳಿಯಾರು. ಅಡಿಗೆ, ಹೊಲಿಗೆ, ಶಿಶುಪಾಲನೆಗಳ ಪಾಠವೇ ಅದೆಂದು ತಿಳಿದವರೂ ಉಂಟು. ಅವು ಗೃಹವಿಜ್ಞಾನದ ಪಾಠಗಳು. ಇದರ ದಾರಿಯೇ ಬೇರೆ. ಇತಿಹಾಸ, ಕಾನೂನು, ಸಾಹಿತ್ಯ, ಅರ್ಥಶಾಸ್ತ್ರಗಳಲ್ಲಿ ಹೆಣ್ಣಿನ ಪಾಲೇನು, ಆಕೆಯ ವಿಷಯವನ್ನು ಬರೆದವರು ಯಾರು, ಎಣಿಸದೆ ಬಿಟ್ಟುದೇನು ಎಂದು ವಿಚಾರಿಸುವುದೇ ಈ ಶಾಸ್ತ್ರದ ಕೆಲಸ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. 1840ರ ದಶಕದ ಆರಂಭದಲ್ಲಿ ಸುರಪುರದ ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕನಿನ್ನೂ ಬಾಲಕ. ಮಗನ ಹೆಸರಿನಲ್ಲಿ ಅಧಿಕಾರ ತನ್ನದಾಗಬೇಕೆಂದು ತಾಯಿ ರಾಣಿ ಈಶ್ವರಮ್ಮ ಹಟ ಹಿಡಿದಳು. ಹೈದರಾಬಾದಿನ ರೆಸಿಡೆಂಟನ ಪರವಾಗಿ ಬಂದ ಮೆಡೋಸ್ ಟೇಲರ್ ಅವಳಿಗೆ ಎದುರಾಗಿ ನಿಂತನು. ಮುಂದೆ 1853ರವರೆಗೆ ಸಂಸ್ಥಾನದ ಆಡಳಿತ ಅವನ ಕೈಯಲ್ಲಿತ್ತು. ಅವನು ತೀರಿಕೊಂಡ ಮೇಲೆ, 1877ರಲ್ಲಿ, ಅವನ ಆತ್ಮಕಥೆಯನ್ನು ಮಗಳೇ ಸಂಪಾದಿಸಿ ಅಚ್ಚು ಹಾಕಿಸಿದಳು. ಆ ಪುಸ್ತಕದಲ್ಲಿ ರಾಣಿ ಕುಟಿಲೆ, ನಡತೆಗೆಟ್ಟವಳು. ರಾಣಿಯಾದರೋ ಆತ್ಮಕಥೆ ಬರೆದಿಡಲಿಲ್ಲ. ಟೇಲರನು ಸುಳ್ಳುಗಾರನೆಂದು ಮಹಿಳಾ ಅಧ್ಯಯನ ತೀರ್ಪು ಕೊಡುವುದಿಲ್ಲ. ಎದುರಾಳಿಯ ಸಾಕ್ಷ್ಯವೊಂದನ್ನೇ ಕಡೆಯ ಮಾತೆಂದು ಒಪ್ಪಬಹುದೇ ಎಂದಷ್ಟೇ ಕೇಳುತ್ತದೆ. ನ್ಯಾಯಾಲಯದಲ್ಲಿ ಯಾವ ವಕೀಲನೂ ಕೇಳಬಹುದಾದ ಪ್ರಶ್ನೆಯಿದು.

ಅದೇ ಸೀಮೆಯ ಮುದನೂರಿನ ದೇವರ ದಾಸಿಮಯ್ಯನು, ಹೆಣ್ಣು ಗಂಡೆಂಬ ಭೇದ ದೇಹಕ್ಕಲ್ಲದೆ ಆತ್ಮಕ್ಕಿಲ್ಲವೆಂದು ಶತಮಾನಗಳ ಹಿಂದೆಯೇ ಸಾರಿದವನು. ಅವನ ವಚನಗಳು ನೂರಕ್ಕೂ ಮಿಕ್ಕಿ ಉಳಿದಿವೆ. ಹೆಂಡತಿ ದುಗ್ಗಳೆಯೂ ವಚನಕಾರ್ತಿಯೇ; ಅವಳವು ಉಳಿದಿರುವುದು ಬೆರಳೆಣಿಕೆಯಷ್ಟು. ಉಳಿದವು ಏನಾದವು? ಅವಳು ಹೇಳಿದ್ದೇ ಕಡಮೆಯೋ, ಬರೆದಿಟ್ಟುಕೊಂಡವರು ಕಡಮೆಯೋ?

ಹಳೆಯ ಕಾಗದಗಳಲ್ಲಿಯೇ ಈ ವಿದ್ಯೆ ಮುಗಿಯುವುದಿಲ್ಲ. ಶಹಾಪುರದ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಬಹುಮಟ್ಟಿಗೆ ಹೆಂಗಸರದು. ಅವರು ಮನೆಗೆ ಬಂದು ನೀರು ತಂದು, ರೊಟ್ಟಿ ಬಡಿದು, ಮಕ್ಕಳನ್ನು ಮಲಗಿಸುವ ದುಡಿಮೆಯನ್ನು ಜನಗಣತಿ ಕೆಲಸವೆಂದು ಎಣಿಸುವುದಿಲ್ಲ. ಎಣಿಕೆಗೆ ಬಾರದ ದುಡಿಮೆ ಯೋಜನೆ ರೂಪಿಸುವವರ ಕಣ್ಣಿಗೂ ಬೀಳದು.

ಭಾರತದಲ್ಲಿ ಈ ಅಧ್ಯಯನಕ್ಕೆ ಅಡಿಗಲ್ಲು ಬಿದ್ದುದು 1974ರಲ್ಲಿ. ಸ್ತ್ರೀಯರ ಸ್ಥಿತಿಗತಿಗಳನ್ನು ಕುರಿತ ರಾಷ್ಟ್ರೀಯ ಸಮಿತಿ ತನ್ನ ವರದಿಯನ್ನು ಒಪ್ಪಿಸಿದ ವರ್ಷವದು, ಮುಂಬಯಿಯ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾ ಘಟಕ ತೆರೆದುದೂ ಆಗಲೇ. ಈಗ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವುಂಟು. 2003ರಲ್ಲಿ ಸ್ಥಾಪಿತವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದ ವಿಜಯಪುರದ ಮಹಿಳಾ ವಿಶ್ವವಿದ್ಯಾನಿಲಯ ಸಗರನಾಡಿಗೆ ನೆರೆಮನೆಯೇ ಸರಿ.

ಇನ್ನು ನೌಕರಿಯ ಮಾತು. ಈ ವಿಷಯದ ಹೆಸರು ಹೊತ್ತ ಹುದ್ದೆಗಳು ಹೆಚ್ಚಿಲ್ಲವೆಂಬುದನ್ನು ಮಗಳಿಂದ ಮುಚ್ಚಿಡಬಾರದು. ಅಧ್ಯಾಪಕ ವೃತ್ತಿಗೆ ಯು.ಜಿ.ಸಿ.ಯ ಅರ್ಹತಾ ಪರೀಕ್ಷೆಯನ್ನು ಈ ವಿಷಯದಲ್ಲಿ ಬರೆಯಬಹುದು. 371(ಜೆ) ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದವರಿಗೆ ಇದೆ. ಜೊತೆಗೆ ಕಾನೂನನ್ನೋ ಸಮಾಜಕಾರ್ಯವನ್ನೋ ಕಲಿತರೆ ದಾರಿ ಅಗಲವಾದೀತು.

ಹೀಗಿದ್ದೂ ಲಾಭನಷ್ಟದ ಲೆಕ್ಕವನ್ನು ಸಂಬಳವೊಂದರಿಂದಲೇ ಮುಗಿಸಲಾಗದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಗಂಡಸರಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 62, ಹೆಂಗಸರಲ್ಲಿ 41. ಅಕ್ಷರವಿಲ್ಲದ ಆ ತಾಯಂದಿರ ಬಾಳನ್ನು ಬಲ್ಲವಳು ಅವರ ನಡುವೆಯೇ ಬೆಳೆದ ಮಗಳು. ಆಕೆ ಬರೆಯದಿದ್ದರೆ ಅವರ ಕಥೆಯನ್ನೂ ಇನ್ನಾರೋ ದೂರದವರು, ರಾಣಿಯ ಕಥೆಯಂತೆ, ತಮಗೆ ತೋಚಿದ ಹಾಗೆ ಬರೆದಾರು. ಮಗಳಿಗೆ ಬೇಡವೆನ್ನುವ ಮುನ್ನ ಮನೆಯ ಹಿರಿಯರು ಇದೊಂದನ್ನು ಆಲೋಚಿಸುವುದು ಒಳಿತು.